ಒಂದು ಸೊನ್ನೆಯ ಪಾಪ

ಜರ್ಮನಿಯ ಡ್ರೆಸ್ಡೆನ್ ನಗರವನ್ನು ನೋಡಿಬಂದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಎಲ್ಬೆ ನದಿಯ ದಂಡೆ ಬಹು ಸುಂದರ ಎಂಬುದೊಂದು. ಯುದ್ಧಕಾಲದಲ್ಲಿ ಅಲ್ಲಿ ಲಕ್ಷಗಟ್ಟಲೆ ಜನ ಬಾಂಬಿನ ಬೆಂಕಿಯಲ್ಲಿ ಬೆಂದುಹೋದರು ಎಂಬುದಿನ್ನೊಂದು. ಮೊದಲನೆಯದು ನಿಜ. ಎರಡನೆಯದು ಸುಳ್ಳು, ಅದೂ ಬಾಯಿತಪ್ಪಿ ಬಂದ ಸುಳ್ಳಲ್ಲ, ಗೋಬೆಲ್ಸನ ಪ್ರಚಾರ ಯಂತ್ರದಲ್ಲಿ ತಯಾರಾದ ಸುಳ್ಳು.

1945ರ ಫೆಬ್ರವರಿ 13ರ ರಾತ್ರಿ ಸುಮಾರು 800 ಬ್ರಿಟಿಷ್ ವಿಮಾನಗಳು ಎರಡು ಸಲ ಬಂದು ಬೆಂಕಿ ಸುರಿದವು. ಮುಂದಿನ ಎರಡು ದಿನ ಅಮೆರಿಕದ ವಿಮಾನಗಳು ಬಂದವು. ಮಾರ್ಚಿ ತಿಂಗಳಲ್ಲಿ ಪೊಲೀಸರು ಲೆಕ್ಕ ಹಾಕಿದಾಗ ಸಿಕ್ಕಿದ್ದ ಹೆಣಗಳು 20,204. ಆ ಅಂಕಿಯ ಬಲಗಡೆ ಯಾರೋ ಒಂದು ಸೊನ್ನೆ ಇಟ್ಟರು, 2,02,040 ಆಯಿತು! 1963ರಲ್ಲಿ ಡೇವಿಡ್ ಇರ್ವಿಂಗ್ ಎಂಬ ಲೇಖಕ 1,35,000 ಎಂದು ಬರೆದ. 1966ರಲ್ಲಿ ತಾನೇ ಪತ್ರಿಕೆಗೆ ಕಾಗದ ಬರೆದು ತಿದ್ದಿಕೊಂಡ. ತಿದ್ದುಪಡಿಯನ್ನು ಓದುವವರು ಯಾರು? 1969ರಲ್ಲಿ ಬಂದ ವಾನೆಗಟ್‌ನ ಪ್ರಸಿದ್ಧ ಕಾದಂಬರಿಯಲ್ಲಿಯೂ ಹಳೆಯ ಅಂಕಿಯೇ ಉಳಿಯಿತು. ಕೊನೆಗೆ ಡ್ರೆಸ್ಡೆನ್ ನಗರವೇ ಇತಿಹಾಸಕಾರರ ಸಮಿತಿಯನ್ನು ನೇಮಿಸಿತು. ಅದು ವರ್ಷಗಟ್ಟಲೆ ದಾಖಲೆಗಳನ್ನು ಶೋಧಿಸಿ 2010ರಲ್ಲಿ ಹೇಳಿದ್ದು: ಸತ್ತವರು ಹೆಚ್ಚೆಂದರೆ 25,000.

"ಸಂಖ್ಯೆಯಲ್ಲೇನಿದೆ ಸ್ವಾಮಿ, ದುಃಖ ದುಃಖವೇ" ಎನ್ನುವ ಸಹೃದಯರಿದ್ದಾರೆ. ಹಾಗಾದರೆ 25,000 ಸಾಲದೆ? ಇಷ್ಟು ಹೆಣಗಳು ನಮ್ಮ ಮರುಕಕ್ಕೆ ಸಾಲದೆ ಹೋದರೆ ಕೊರತೆಯಿರುವುದು ನಮ್ಮ ಹೃದಯದಲ್ಲಿ, ಲೆಕ್ಕದಲ್ಲಲ್ಲ. ಮಕ್ಕಳು ಮುದುಕರೆನ್ನದೆ ಊರಿನ ನಡುಮಧ್ಯೆ ಬೆಂಕಿ ಸುರಿದದ್ದು ನ್ಯಾಯವೆಂದು ನಾನು ವಾದಿಸುತ್ತಿಲ್ಲ. ಅದನ್ನು ಖಂಡಿಸಲು ನಿಜವೇ ಧಾರಾಳವಾಗಿ ಸಾಕು.

ಸೊನ್ನೆ ಬೇಕಾದದ್ದು ಮರುಕಕ್ಕಲ್ಲ, ತಕ್ಕಡಿಗೆ. ಒಂದು ತಟ್ಟೆಯಲ್ಲಿ ಯಹೂದಿಗಳ ನರಮೇಧ, ಇನ್ನೊಂದರಲ್ಲಿ ಡ್ರೆಸ್ಡೆನ್. ಎರಡೂ ಸಮ ತೂಗಿದರೆ ಹಿಟ್ಲರನ ಸಾಲ ಚುಕ್ತಾ! 2005ರಲ್ಲಿ ಸ್ಯಾಕ್ಸನಿಯ ಶಾಸನಸಭೆಯಲ್ಲಿಯೇ ಉಗ್ರ ಬಲಪಂಥದ ಪಕ್ಷವೊಂದು ಈ ದಾಳಿಯನ್ನು ಆ ನರಮೇಧದ ಹೆಸರಿನಿಂದಲೇ ಕರೆಯಿತು. ಆ ಜನರ ಮೆರವಣಿಗೆಗಳಿಗೆ ಡ್ರೆಸ್ಡೆನ್ನಿನ ನಾಗರಿಕರು 2010ರಲ್ಲಿ ಸಾವಿರಾರು ಮಂದಿ ಕೈಕೈ ಹಿಡಿದು ನಿಂತು ಉತ್ತರ ಕೊಟ್ಟರು. ಬೆಂದ ಊರಿನವರೇ ಬೇಡವೆಂದ ಸೊನ್ನೆಯನ್ನು ನಾವೇಕೆ ಹೊತ್ತು ತರಬೇಕು?

ಪ್ರವಾಸಿಗಳೆಲ್ಲ ಫ್ರಾವೆನ್‌ಕಿರ್ಖೆ ಎಂಬ ಚರ್ಚಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ. ಕುಸಿದು ಬಿದ್ದ ಅದನ್ನು ಹಳೆಯ ಕರಿಕಲ್ಲುಗಳನ್ನೂ ಸೇರಿಸಿ 2005ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಅದರ ಶಿಖರದ ಶಿಲುಬೆಯನ್ನು ಮಾಡಿದವನು ಆ ದಾಳಿಗೆ ಬಂದಿದ್ದ ಬ್ರಿಟಿಷ್ ವೈಮಾನಿಕನೊಬ್ಬನ ಮಗ. ಆದರೆ ಅಲ್ಲಿಂದ ಹತ್ತು ನಿಮಿಷ ನಡೆದರೆ ಯಹೂದಿಗಳ ಪ್ರಾರ್ಥನಾ ಮಂದಿರ ಸಿಗುತ್ತದೆ. 1840ರ ಹಳೆಯ ಮಂದಿರ ಸುಟ್ಟುಹೋದದ್ದು 1938ರ ನವೆಂಬರಿನಲ್ಲಿ. ಸುಟ್ಟದ್ದು ಶತ್ರುಗಳ ವಿಮಾನವಲ್ಲ, ಊರಿನ ನಾಟ್ಸಿಗಳು. ಈಗಿನದು 2001ರದು.

ವಿಕ್ಟರ್ ಕ್ಲೆಂಪರರ್ ಎಂಬ ಯಹೂದಿ ಪ್ರಾಧ್ಯಾಪಕನ ದಿನಚರಿಯನ್ನೂ ನೆನೆಯಬೇಕು. ಫೆಬ್ರವರಿ 13ರ ಹಗಲು ಆತ ತನ್ನವರ ಮನೆಮನೆಗೆ ಹೋಗಿ ಗಡೀಪಾರಿನ ನೋಟೀಸು ಹಂಚಬೇಕಾಗಿತ್ತು. ರಾತ್ರಿಯ ಬೆಂಕಿಯ ಗೊಂದಲದಲ್ಲಿ ಕೋಟಿನ ಮೇಲಿನ ಹಳದಿ ನಕ್ಷತ್ರವನ್ನು ಕಿತ್ತೊಗೆದು ಪಾರಾದ. ನಗರವನ್ನು ಕೊಂದ ಬೆಂಕಿಯೇ ಅವನನ್ನು ಬದುಕಿಸಿತು. ಇಂಥ ಸತ್ಯಕ್ಕೆ ಯಾವ ತಕ್ಕಡಿಯಲ್ಲಿ ಜಾಗವಿದೆ?

ಡ್ರೆಸ್ಡೆನ್ನಿಗೆ ಹೋಗುವವರು ಎರಡು ಗುಡಿಗಳನ್ನೂ ನೋಡಲಿ. ಬಂದು ಹೇಳುವಾಗ 25,000 ಎಂದೇ ಹೇಳಲಿ. ಸತ್ತವರಿಗೆ ನಾವು ಕೊಡಬಹುದಾದ ಕೊನೆಯ ಮರ್ಯಾದೆ ಸರಿಯಾದ ಲೆಕ್ಕ.