ಇಂಗ್ಲಿಷ್ ವಾಕ್ಯವೂ ಗೌರಸಮುದ್ರದ ಹುಡುಗನೂ

ಕನ್ನಡವನ್ನು ಬೋಧಿಸಿ ಜೀವನ ಸಾಗಿಸುವವನು ಇಂಗ್ಲಿಷ್ ವ್ಯಾಕರಣದ ವಿಷಯದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಹಳ್ಳಿಗಳ ಹುಡುಗರು ಇಂಗ್ಲಿಷ್ ಬರೆಯುವಾಗ ಮಾಡುವ ತಪ್ಪುಗಳನ್ನು ಸ್ವಲ್ಪ ಸಮಾಧಾನದಿಂದ ನೋಡಿದರೆ, ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿ ಹುಟ್ಟಿದವಲ್ಲ, ಕನ್ನಡದಲ್ಲಿ ಹುಟ್ಟಿದವು ಎಂಬುದು ತಿಳಿಯುತ್ತದೆ. ಕನ್ನಡದಲ್ಲಿ ಹುಟ್ಟಿದ್ದರ ಜಾತಕವನ್ನು ಹೇಳಲು ಕನ್ನಡದ ಮೇಷ್ಟರಿಗೆ ಅಧಿಕಾರವಿಲ್ಲವೆ?

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರವು ಮಾರಮ್ಮನ ಜಾತ್ರೆಯಿಂದ ಹೆಸರಾದ ಊರು. ಆಂಧ್ರದ ಗಡಿ ದೂರವಿಲ್ಲ. ಜಾತ್ರೆಯ ಜನಸಂದಣಿಯಲ್ಲಿ ಕನ್ನಡವೂ ತೆಲುಗೂ ಒಂದನ್ನೊಂದು ತಳ್ಳದೆ ನಡೆಯುತ್ತವೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ. ಅಕ್ಷರ ಕಲಿಯುವುದಕ್ಕೆ ಮೊದಲೇ ಎರಡು ಭಾಷೆಗಳನ್ನು ನಾಲಗೆಯಲ್ಲಿ ಇಟ್ಟುಕೊಂಡ ಹುಡುಗನಿಗೆ ಮೂರನೆಯದು ಬಾರದೆಂದರೆ ನಂಬುವುದು ಹೇಗೆ? ನಮ್ಮ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಪಾಠವಿದೆ. ಆದರೂ ಹತ್ತು ವರ್ಷ ಓದಿ ಕಾಲೇಜಿಗೆ ಬಂದ ಹುಡುಗ, "ಸಾರ್, ಇಂಗ್ಲಿಷು ನಮ್ಮ ತಲೆಗೆ ಹತ್ತೋದಿಲ್ಲ" ಎಂದು ತೀರ್ಪು ಕೊಟ್ಟುಕೊಂಡು ಕೂರುತ್ತಾನೆ. ಈ ತೀರ್ಪು ಸುಳ್ಳೆಂಬುದೇ ನನ್ನ ವಾದ.

ಕನ್ನಡ ತೆಲುಗುಗಳ ನಡುವೆ ಅವನು ಸಲೀಸಾಗಿ ಓಡಾಡುವುದಕ್ಕೆ ಕಾರಣವಿದೆ. 'ಇಂಟಿಕಿ ಪೋಯಿ ವಚ್ಚಾನು' ಎಂಬುದರ ಪಕ್ಕದಲ್ಲಿ 'ಮನೆಗೆ ಹೋಗಿ ಬಂದೆನು' ಎಂಬುದನ್ನಿಟ್ಟರೆ ತುಂಡಿಗೆ ತುಂಡು ಹೊಂದುತ್ತದೆ. ಮಾತು ಬೇರೆ, ಸಾಲು ಒಂದೇ. ಇಂಗ್ಲಿಷಿನ ಸಾಲಾದರೋ ಇದಕ್ಕೆ ಅಡ್ಡಲಾಗಿ ಹೊಡೆದ ಸಾಲು. ಪದಗಳನ್ನು ಎಷ್ಟು ಉರುಹೊಡೆಸಿದರೂ ಸಾಲು ಎತ್ತ ತಿರುಗುತ್ತದೆಂದು ಹೇಳದಿದ್ದರೆ ಎತ್ತು ಹಳೆಯ ದಾರಿಯಲ್ಲಿಯೇ ಎಳೆಯುತ್ತದೆ.

ಒಂದು ಸಾಮಾನ್ಯ ವಾಕ್ಯವನ್ನು ನೋಡೋಣ. 'ನಾನು ಬೇಗ ಎದ್ದು, ಕುರಿ ಬಿಟ್ಟು, ಮುದ್ದೆ ಉಂಡು, ಶಾಲೆಗೆ ಬಂದೆ.' ಇಲ್ಲಿ ನಾಲ್ಕು ಕೆಲಸಗಳಿವೆ, ಆದರೆ ಪೂರ್ಣ ಕ್ರಿಯಾಪದ ಒಂದೇ. ಎದ್ದು, ಬಿಟ್ಟು, ಉಂಡು ಎಂಬ ಮೂರೂ ನಮ್ಮ ವ್ಯಾಕರಣದ ಕೃದಂತಾವ್ಯಯಗಳು. ಕಾಲವನ್ನೂ ಕರ್ತೃವನ್ನೂ ಕೊನೆಯ 'ಬಂದೆ' ಎಂಬುದೊಂದೇ ಹೊತ್ತು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಈ ವಾಕ್ಯ 'ಐ ಗಾಟ್ ಅಪ್ ಅರ್ಲಿ, ಲೆಟ್ ದ ಶೀಪ್ ಔಟ್, ಏಟ್ ಮುದ್ದೆ ಅಂಡ್ ಕೇಮ್ ಟು ಸ್ಕೂಲ್' ಎಂದಾಗುತ್ತದೆ. ಅಲ್ಲಿ ನಾಲ್ಕೂ ಕ್ರಿಯೆಗಳು ಸಮಾನಸ್ಕಂಧರು. ಎಲ್ಲವೂ ಭೂತಕಾಲದ ಉಡುಪು ತೊಟ್ಟೇ ಬರಬೇಕು. ಅವುಗಳನ್ನು ಕೂಡಿಸಲು ಕೊನೆಯದರ ಹಿಂದೆ 'ಅಂಡ್' ಎಂಬ ಕೊಂಡಿಯೊಂದು ಬೇಕು. ಈ ಭೇದವನ್ನು ಯಾರೂ ಹೇಳದ ಕಾರಣ ಹುಡುಗ 'ಐ ಗೆಟಿಂಗ್ ಅಪ್, ಶೀಪ್ ಲೀವಿಂಗ್, ಮುದ್ದೆ ಈಟಿಂಗ್, ಸ್ಕೂಲ್ ಕೇಮ್' ಎಂದು ಬರೆಯುತ್ತಾನೆ. ನಗಬೇಡಿ. 'ಎದ್ದು' ಎಂಬುದಕ್ಕೆ ಸಮನಾದ ಅಪೂರ್ಣರೂಪವೊಂದನ್ನು ಹುಡುಕಿ, ಅವನ ಕೈಗೆ ಸಿಕ್ಕಿದ್ದನ್ನು ಇಟ್ಟಿದ್ದಾನೆ. ಅವನ ತಪ್ಪಿಗೂ ಒಂದು ವ್ಯಾಕರಣವಿದೆ.

ಇಂಗ್ಲಿಷಿನವರು ಕಂಜಂಕ್ಷನ್ ಎಂದು ಕರೆಯುವ ಬಿಡಿ ಪದಗಳ ಕೆಲಸವನ್ನು ನಮ್ಮಲ್ಲಿ ಬಹುಮಟ್ಟಿಗೆ ಕ್ರಿಯಾಪದದ ಬಾಲವೇ ಮಾಡಿ ಮುಗಿಸುತ್ತದೆ. 'ಬರು' ಎಂಬ ಒಂದು ಧಾತುವನ್ನು ಗಮನಿಸಿ: ಮಳೆ ಬಂದರೆ, ಮಳೆ ಬಂದರೂ, ಮಳೆ ಬಂದಾಗ, ಮಳೆ ಬಂದದ್ದರಿಂದ, ಮಳೆ ಬರುವವರೆಗೆ. ಇಷ್ಟನ್ನೇ ಹೇಳಲು ಇಂಗ್ಲಿಷಿಗೆ ಇಫ್, ಆಲ್ದೋ, ವೆನ್, ಬಿಕಾಸ್, ಅಂಟಿಲ್ ಎಂಬ ಐದು ಪದಗಳು ಬೇಕು. ಅವು ವಾಕ್ಯಭಾಗದ ತಲೆಯ ಮೇಲೆ ಕುಳಿತುಕೊಳ್ಳುತ್ತವೆ. ಹೀಗೆ ತಲೆಗೆ ಕಿರೀಟ ಬಂದ ಮೇಲೆ ಒಳಗಿನ ಕ್ರಿಯಾಪದವು ತನ್ನ ಕರ್ತೃವಿನೊಡನೆ ಪೂರ್ಣರೂಪದಲ್ಲಿಯೇ ನಿಲ್ಲುವುದು ಅಲ್ಲಿಯ ಸಾಮಾನ್ಯ ಕ್ರಮ. ನಮ್ಮದು ಬಾಲದಲ್ಲಿ ಸಂಬಂಧವನ್ನು ಹೇಳುವ ಭಾಷೆ, ಅವರದು ತಲೆಯಲ್ಲಿ ಹೇಳುವ ಭಾಷೆ. ಚಳ್ಳಕೆರೆಯ ಸೀಮೆಯಲ್ಲಿ 'ಮಳೆ ಬಂದರೆ' ಎಂಬುದಕ್ಕೂ 'ಮಳೆ ಬಂದರೂ' ಎಂಬುದಕ್ಕೂ ಇರುವ ಅಂತರವನ್ನು ಯಾವ ಹುಡುಗನಿಗೂ ವಿವರಿಸಬೇಕಾಗಿಲ್ಲ. ಆ ಒಂದು ಸ್ವರದಲ್ಲಿ ಅವನ ಮನೆಯ ವರ್ಷದ ಅನ್ನ ಅಡಗಿದೆ. ಆ ಅಂತರವೇ ಇಫ್ ಮತ್ತು ಆಲ್ದೋ ಎಂದು ತೋರಿಸಿದರೆ ಅರ್ಧ ಪಾಠ ಮುಗಿಯಿತು.

ಇನ್ನು ಪ್ರಿಪೊಸಿಷನ್ನುಗಳು. ಹೆಸರಿನಲ್ಲಿಯೇ ಇದೆ, ಅವು ನಾಮಪದದ ಮುಂಚೆ ಇಡತಕ್ಕವು. ನಮ್ಮಲ್ಲಿ ಆ ಕೆಲಸ ವಿಭಕ್ತಿಪ್ರತ್ಯಯದ್ದು, ಅಥವಾ ಮೇಲೆ, ಕೆಳಗೆ, ಒಳಗೆ ಎಂಬ ಅವ್ಯಯಗಳದ್ದು; ಎರಡೂ ನಾಮಪದದ ಬೆನ್ನಿಗೆ ಬರುತ್ತವೆ. ಶಾಲೆಗೆ, ಹತ್ತು ಗಂಟೆಗೆ, ತಂಗಿಗೆ ತಂದ ಬಳೆ, ಎಂಬಲ್ಲೆಲ್ಲ ನಮಗೆ ಒಂದೇ 'ಗೆ'. ಅವರಿಗೆ ಟು, ಆಟ್, ಫಾರ್ ಎಂದು ಮೂರು. ಊರಿನಿಂದ ಬಂದ, ಕೊಡಲಿಯಿಂದ ಕಡಿದ, ಸೋಮವಾರದಿಂದ ಕಾಣೆ, ಎಂಬಲ್ಲಿ ನಮ್ಮ 'ಇಂದ' ಒಂದೇ. ಅವರಲ್ಲಿ ಫ್ರಮ್, ವಿತ್, ಸಿನ್ಸ್. ಯಾವ ಕ್ರಿಯಾಪದ ಯಾವ ಪ್ರಿಪೊಸಿಷನ್ನನ್ನು ಬಯಸುತ್ತದೆಂಬುದಂತೂ ಆಯಾ ಭಾಷೆಯ ಮನೆಯ ಸಂಪ್ರದಾಯ. 'ಅದರ ಬಗ್ಗೆ ಚರ್ಚಿಸಿದರು' ಎನ್ನುವವನು 'ಡಿಸ್ಕಸ್ಡ್ ಅಬೌಟ್' ಎಂದು ಬರೆಯುತ್ತಾನೆ. 'ನನ್ನ ಮೇಲೆ ಕೋಪ' ಎನ್ನುವವನಿಗೆ 'ಆಂಗ್ರಿ ಆನ್ ಮಿ' ಎಂಬುದೇ ಸಹಜ. 'ನನ್ನನ್ನು ಕಾಯಿ' ಎಂಬುದರಲ್ಲಿ 'ಗೆ' ಇಲ್ಲವಾದ್ದರಿಂದ 'ವೇಟ್ ಮಿ' ಎನ್ನುತ್ತಾನೆ, 'ಫಾರ್' ಕಳೆದುಹೋಗುತ್ತದೆ. ಒಂದೊಂದು ತಪ್ಪಿನ ಹಿಂದೆಯೂ ಒಂದೊಂದು ಸರಿಯಾದ ಕನ್ನಡ ವಾಕ್ಯ ನಿಂತಿದೆ.

ಹಾಗಾದರೆ ಎರಡು ಭಾಷೆಗಳಿಗೂ ಎಲ್ಲಿಯೂ ಹೋಲಿಕೆಯೇ ಇಲ್ಲವೆ? ಇದೆ; ಕಷ್ಟವೆಂದು ಎಲ್ಲರೂ ಹೆದರುವ ಕಡೆಯಲ್ಲಿಯೇ ಇದೆ. ಇಂಗ್ಲಿಷಿನ ಆಫ್ಟರ್, ಬಿಫೋರ್, ಅಂಟಿಲ್ ಎಂಬ ಪದಗಳು ನಾಮಪದದೊಡನೆ ಬಂದರೆ ಪ್ರಿಪೊಸಿಷನ್, ಕರ್ತೃ ಕ್ರಿಯಾಪದಗಳುಳ್ಳ ವಾಕ್ಯದೊಡನೆ ಬಂದರೆ ಕಂಜಂಕ್ಷನ್ ಎನಿಸಿಕೊಳ್ಳುತ್ತವೆ. ಒಂದೇ ಪದಕ್ಕೆ ಎರಡು ವೇಷವೇಕೆಂದು ವಿದ್ಯಾರ್ಥಿ ಕಂಗಾಲಾಗುತ್ತಾನೆ. ನಮ್ಮ 'ಮೇಲೆ' ಏನು ಮಾಡುತ್ತದೆ? 'ಊಟದ ಮೇಲೆ' ಎನ್ನುತ್ತೇವೆ, 'ಉಂಡ ಮೇಲೆ' ಎಂದೂ ಎನ್ನುತ್ತೇವೆ. 'ಸಂಜೆಯವರೆಗೆ' ಎನ್ನುತ್ತೇವೆ, 'ಅಪ್ಪ ಬರುವವರೆಗೆ' ಎಂದೂ ಎನ್ನುತ್ತೇವೆ. ಅದೇ ಎರಡು ವೇಷ ನಮ್ಮ ಮನೆಯಲ್ಲಿಯೇ ಇದೆ. ಭೇದವಿಷ್ಟೆ: 'ಉಂಡ' ಎಂಬ ನಮ್ಮ ಕೃದಂತದ ಸ್ಥಾನದಲ್ಲಿ ಅವರು 'ಆಫ್ಟರ್ ಈಟಿಂಗ್' ಎಂದು ಇಂಗ್ ರೂಪವನ್ನಿಡಬೇಕು, ಇಲ್ಲವೆ 'ಆಫ್ಟರ್ ಹಿ ಏಟ್' ಎಂದು ಕರ್ತೃಸಮೇತವಾದ ಪೂರ್ಣ ಕ್ರಿಯೆಯನ್ನು ಇಡಬೇಕು. 'ಆಫ್ಟರ್ ಏಟ್' ಎಂಬುದು ಎರಡಕ್ಕೂ ಸಲ್ಲದು.

ಕ್ರಿಯಾಪದವೂ ಪ್ರಿಪೊಸಿಷನ್ನೂ, ಅಥವಾ ಅದರ ಸೋದರನಂತಿರುವ ಕ್ರಿಯಾವಿಶೇಷಣವೂ, ಕೂಡಿ ಹೊಸ ಅರ್ಥ ಕೊಡುವುದು ಇಂಗ್ಲಿಷಿನ ಇನ್ನೊಂದು ವೈಚಿತ್ರ್ಯ. 'ಲುಕ್' ಎಂದರೆ ನೋಡು, 'ಲುಕ್ ಆಫ್ಟರ್' ಎಂದರೆ ಪಾಲಿಸು. ಹುಡುಗರು ಇದನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ಆದರೆ 'ಮಗುವನ್ನು ನೋಡು' ಎಂಬುದಕ್ಕೂ 'ಮಗುವನ್ನು ನೋಡಿಕೋ' ಎಂಬುದಕ್ಕೂ ನಮ್ಮಲ್ಲಿ ಇರುವ ಭೇದವೇ ಅದಲ್ಲವೆ? ಬಿಡು, ಬಿಟ್ಟುಕೊಡು, ಹೇಳು, ಹೇಳಿಕೊಡು, ಬರೆ, ಬರೆದಿಡು, ಓಡು, ಓಡಿಹೋಗು. ಧಾತುವಿಗೆ ಇನ್ನೊಂದು ಧಾತುವನ್ನು ಗಂಟುಹಾಕಿ ಅರ್ಥವನ್ನು ತಿರುಗಿಸುವುದು ಕನ್ನಡದ ನಿತ್ಯದ ವ್ಯವಹಾರ. ಸಂಸ್ಕೃತವು ಇದೇ ಕೆಲಸವನ್ನು ಉಪಸರ್ಗಗಳಿಂದ ಮಾಡುತ್ತದೆ: ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬ ಐದು ಮಾತುಗಳಿಗೂ ಮೂಲ ಒಂದೇ. ಸಂಸ್ಕೃತ ಮುಂದೆ ಕಟ್ಟಿತು, ಇಂಗ್ಲಿಷ್ ಹಿಂದೆ ನಿಲ್ಲಿಸಿತು, ಕನ್ನಡ ಕ್ರಿಯೆಗೆ ಕ್ರಿಯೆಯನ್ನೇ ಹೆಣೆಯಿತು. ಮೂರನ್ನೂ ಒಂದೇ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ವಿದ್ಯಾರ್ಥಿಗೆ ಇಂಗ್ಲಿಷಿನ ಭಯ ಹೋಗುವುದಲ್ಲದೆ ಭಾಷೆಯೆಂಬುದರ ಸ್ವಭಾವವೇ ಒಂದಿಷ್ಟು ಬೆಳಗುತ್ತದೆ.

ಇದಕ್ಕೆ ಆಕ್ಷೇಪವುಂಟು. ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು, ನಡುವೆ ಕನ್ನಡ ಬಂದರೆ ಕೆಡುತ್ತದೆ ಎನ್ನುವವರಿದ್ದಾರೆ. ಮನೆಯಲ್ಲಿಯೂ ಬೀದಿಯಲ್ಲಿಯೂ ಇಂಗ್ಲಿಷ್ ಕಿವಿಗೆ ಬೀಳುವ ಮಕ್ಕಳಿಗೆ ಆ ಮಾತು ಸಲ್ಲಬಹುದು. ದಿನಕ್ಕೊಂದು ಪೀರಿಯಡ್ಡಿನಲ್ಲಿ ಮಾತ್ರ ಅದನ್ನು ಕೇಳುವ ಗೌರಸಮುದ್ರದ ಹುಡುಗನಿಗೆ ಸಲ್ಲದು. ಕನ್ನಡವನ್ನು ತರಗತಿಯಿಂದ ಹೊರಗೆ ಹಾಕಬಹುದು, ಅವನ ತಲೆಯಿಂದ ಹೊರಗೆ ಹಾಕುವುದು ಹೇಗೆ? ಅಲ್ಲದೆ ಹೋಲಿಸಿ ತೋರಿಸುವುದು ಭಾಷಾಂತರವಲ್ಲ. ಎಲ್ಲಿ ಭಾಷಾಂತರ ಮಾಡಬಾರದೆಂದು ಎಚ್ಚರಿಸುವುದೇ ಅದರ ಪ್ರಯೋಜನ. ಪರದೇಶದವರು ನಮ್ಮ ಭಾಷೆಯನ್ನು ಕಲಿಯಲು ಬಂದಾಗ ಏನು ಮಾಡಿದರು? ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ, ಮೆಕೆರೆಲ್ಲನದು 1820ರಲ್ಲಿ, ಕಿಟ್ಟೆಲ್ಲರದು 1903ರಲ್ಲಿ ಅಚ್ಚಾದವು. ಮೂರನ್ನೂ ಬರೆದದ್ದು ಇಂಗ್ಲಿಷಿನಲ್ಲಿ. ಬಲ್ಲ ಭಾಷೆಯನ್ನು ಊರುಗೋಲು ಮಾಡಿಕೊಂಡು ಅವರು ಅರಿಯದ ಭಾಷೆಯನ್ನು ಹತ್ತಿದರು. ಪ್ರೌಢ ವಿದ್ವಾಂಸರಿಗೆ ಬೇಕಾದ ಊರುಗೋಲನ್ನು ಆರು ವರ್ಷದ ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ?

ಇದರಲ್ಲಿ ಕನ್ನಡದ ಹಿತವೂ ಇದೆ. ಶಿಕ್ಷಣಮಾಧ್ಯಮವನ್ನು ಸರಕಾರ ಹೇರಲಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತ ಮೇಲೆ ಕನ್ನಡ ಶಾಲೆಯನ್ನು ಕಾಪಾಡುವ ದಾರಿ ಕಾನೂನಲ್ಲ, ಪಾಠ. ತಾಯಿತಂದೆಗಳು ಕುರಿ ಮಾರಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಫೀಸು ಕಟ್ಟುವುದು ಕನ್ನಡದ ಮೇಲಣ ದ್ವೇಷದಿಂದಲ್ಲ; ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಬರುವುದಿಲ್ಲವೆಂಬ ಭಯದಿಂದ. ಆ ಭಯವನ್ನು ಭಾಷಣಗಳು ನೀಗಲಾರವು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಕೃತಿಯಿಂದ ಕನ್ನಡಕ್ಕೆ ಹೊಸ ಕಳೆ ತಂದರು. ನಮ್ಮ ತಾಲ್ಲೂಕಿನ ತಳುಕಿನ ಟಿ.ಎಸ್.ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕ ಪೀಠವನ್ನು ಬೆಳಗಿದರು. ಆ ತಲೆಮಾರಿನಲ್ಲಿ ಎರಡು ಭಾಷೆಗಳ ಅಧ್ಯಾಪಕರು ಒಂದೇ ಸಾಹಿತ್ಯಕಾರ್ಯದಲ್ಲಿ ಜೊತೆಗೂಡಿ ನಡೆದರು. ಇಂದು ಕನ್ನಡದ ಮೇಷ್ಟರೂ ಇಂಗ್ಲಿಷ್ ಮೇಷ್ಟರೂ ಒಂದೇ ಕೊಠಡಿಯಲ್ಲಿ ಕುಳಿತು ಒಬ್ಬರ ಪಾಠಪುಸ್ತಕವನ್ನು ಮತ್ತೊಬ್ಬರು ತೆರೆದು ನೋಡುವುದಿಲ್ಲ.

ಆದ್ದರಿಂದ ನನ್ನ ಸೂಚನೆ ಬಹಳ ಸಣ್ಣದು. ಪ್ರೌಢಶಾಲೆಗಳಲ್ಲಿ ವಾರಕ್ಕೊಂದು ಪೀರಿಯಡ್ಡನ್ನು ಈ ಇಬ್ಬರು ಅಧ್ಯಾಪಕರೂ ಕೂಡಿ ನಡೆಸಲಿ. ಹಲಗೆಯ ನಡುವೆ ಒಂದು ಗೆರೆ. ಎಡಕ್ಕೆ ಮಕ್ಕಳೇ ಆಡಿದ ಕನ್ನಡ ವಾಕ್ಯ, ಬಲಕ್ಕೆ ಅದರ ಇಂಗ್ಲಿಷ್. ತೆಲುಗು ಮನೆಯ ಮಕ್ಕಳಿದ್ದರೆ ಅದಕ್ಕೂ ಒಂದು ಅಂಕಣವಿರಲಿ. ಬಾಲ ಎಲ್ಲಿ, ತಲೆ ಎಲ್ಲಿ, ಯಾವ ಕ್ರಿಯೆ ಪೂರ್ಣ, ಯಾವುದು ಅಪೂರ್ಣ, ಎಂದು ಮಕ್ಕಳೇ ಗುರುತಿಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ, ಸುತ್ತೋಲೆಯೂ ಬೇಡ. ಒಂದು ಸುಣ್ಣದ ಕಡ್ಡಿಯೂ ಇಬ್ಬರು ಅಧ್ಯಾಪಕರ ಸ್ನೇಹವೂ ಸಾಕು.