ಕಾಡಂಚಿಗೆ ಮರದ ಗೋಪುರ: ಕಟ್ಟುವುದು ದೊಡ್ಡ ಮಾತಲ್ಲ, ನೋಡಿಕೊಳ್ಳುವವರು ಯಾರು?

ಬೆಳ್ತಂಗಡಿ: ಗಡಾಯಿಕಲ್ಲು ಹತ್ತಬೇಕಾದರೆ ಸುಮಾರು 1,876 ಮೆಟ್ಟಿಲು. 1794ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಜಮಲಾಬಾದ್ ಕೋಟೆ ನೋಡಲು ಬರುವ ಯುವಕರು ಹೇಗೋ ಮೇಲೆ ಹೋಗುತ್ತಾರೆ. ಜೊತೆಗೆ ಬಂದ ಅಜ್ಜ-ಅಜ್ಜಿ, ಸಣ್ಣ ಮಕ್ಕಳು, ಮೊಣಕಾಲು ನೋವಿನವರು ಕೆಳಗೇ ಬಾಕಿ. ಮಳೆಗಾಲದಲ್ಲಂತೂ ಕಲ್ಲು ಜಾರುತ್ತದೆ ಎಂದು ಹತ್ತಲಿಕ್ಕೇ ನಿರ್ಬಂಧ ಬೀಳುತ್ತದೆ.

ಹಾಗಾದರೆ ಬುಡದಲ್ಲೇ, ಕಾಡಿನ ಅಂಚಿನಲ್ಲಿ, ಒಂದು ಮರದ ವೀಕ್ಷಣಾ ಗೋಪುರ ಆದರೆ ಹೇಗೆ? ಹತ್ತು-ಹನ್ನೆರಡು ಮೀಟರ್ ಎತ್ತರದಿಂದ ಗಡಾಯಿಕಲ್ಲು, ಕುದುರೆಮುಖದ ಬೆಟ್ಟಸಾಲು, ಹಕ್ಕಿಗಳು ಎಲ್ಲ ಕಾಣಬಹುದು. ಬೇಸಿಗೆಯಲ್ಲಿ ಕಾಡ್ಗಿಚ್ಚು ಎದ್ದರೆ ಅರಣ್ಯ ಸಿಬ್ಬಂದಿಗೂ ಅದು ಕಣ್ಣಾಗಬಹುದು. ಸದ್ಯಕ್ಕೆ ಇದು ಯೋಜನೆಯಲ್ಲ, ಪ್ರಶ್ನೆ ಮಾತ್ರ. ಆದರೆ ನಾಳೆ ಯಾರಾದರೂ ನಕ್ಷೆ ಹಿಡಿದುಕೊಂಡು ಬಂದರೆ ನಾವು ಎಂತ ಕೇಳಬೇಕು ಎನ್ನುವುದು ಇವತ್ತೇ ಗೊತ್ತಿದ್ದರೆ ಒಳ್ಳೆಯದು.

ನಮ್ಮ ಮಳೆಗೆ ಮರ ನಿಲ್ತದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಮೇಲಿಂದ ಒರಲೆ ಕಾಟ. ಎರಡು ಮಳೆಗಾಲದಲ್ಲಿ ಕುಂಬಾಗಿ ಹೋಗುವುದಿಲ್ಲವೇ?

ಉತ್ತರಕ್ಕೆ ಮೂಡುಬಿದಿರೆಗೆ ಹೋದರೆ ಸಾಕು. ಸಾವಿರ ಕಂಬದ ಬಸದಿ ಶುರುವಾದದ್ದು 1430ರಲ್ಲಿ. ಅದರ ಕೆಳಗಿನ ಅಂತಸ್ತು ಶಿಲೆಯದ್ದು, ಮೇಲಿನದ್ದು ಮರದ್ದು. ಮರವನ್ನು ನೆಲಕ್ಕೆ ತಾಗಿಸಿಲ್ಲ, ಅಗಲವಾದ ಇಳಿಜಾರು ಮಾಡಿನ ಅಡಿಯಲ್ಲಿ ಇಟ್ಟಿದ್ದಾರೆ, ಗಾಳಿಯಾಡಲು ಬಿಟ್ಟಿದ್ದಾರೆ. ನಮ್ಮ ಹಳೆಯ ಗುತ್ತಿನ ಮನೆಗಳ ಚಾವಡಿಯಲ್ಲೂ ಇದೇ ಕ್ರಮ. ಕಂಬ ನಿಂತದ್ದು ಶಿಲೆಕಲ್ಲಿನ ಮೇಲೆ, ಎರಚಲು ತಾಗದಷ್ಟು ಒಳಗೆ.

ಇದರ ಹಿಂದಿನ ವಿಜ್ಞಾನವೂ ಸರಳ. ಮರದೊಳಗಿನ ತೇವಾಂಶ ಶೇ. 20ರ ಒಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಒದ್ದೆಯಾದರೂ ಬೇಗ ಒಣಗಿದರೆ ಮರಕ್ಕೆ ತೊಂದರೆಯಿಲ್ಲ. ಒದ್ದೆಯಾಗಿಯೇ ಉಳಿದರೆ ಯಾವ ಜಾತಿಯ ಮರವಾದರೂ ಕಷ್ಟ.

ಹೊರದೇಶದಲ್ಲೂ ಉದಾಹರಣೆ ಉಂಟು. ಪೋಲೆಂಡಿನ ಗ್ಲಿವಿತ್ಸೆ ಎಂಬಲ್ಲಿ 1935ರಲ್ಲಿ ಲಾರ್ಚ್ ಮರದಲ್ಲಿ ಕಟ್ಟಿದ, ನೂರು ಮೀಟರಿಗೂ ಎತ್ತರದ ರೇಡಿಯೋ ಗೋಪುರ ಇವತ್ತಿಗೂ ನಿಂತಿದೆ. ಆದರೆ ಅಲ್ಲಿನ ಹವೆ ಬೇರೆ, ನಮ್ಮ ಆಷಾಢ ಬೇರೆ. ನಮಗೆ ಹತ್ತಿರದ ಪಾಠ ಮೂಡುಬಿದಿರೆಯದ್ದೇ.

ಯಾವ ಮರ? ಎಲ್ಲಿಂದ?

ಹಿಂದಿನವರು ಕಿರಾಲ್‌ಬೋಗಿ, ಹಲಸು, ಸಾಗುವಾನಿ ಹಾಕಿದರು. ಈಗ ಕಾಡು ತೋರಿಸುವ ಗೋಪುರಕ್ಕೆ ಕಾಡಿನ ಬೋಗಿಯನ್ನೇ ಕಡಿದರೆ ಅದಕ್ಕಿಂತ ದೊಡ್ಡ ತಮಾಷೆ ಬೇರೆ ಇಲ್ಲ. ನೆಡುತೋಪಿನ ಸಾಗುವಾನಿ, ಅಕೇಶಿಯಾಗಳನ್ನು ದಾಖಲೆ ಸಮೇತ ಇಲಾಖೆಯ ಡಿಪೋದಿಂದ ತರುವುದು ಸರಿಯಾದ ದಾರಿ.

ಅದರಲ್ಲೂ ಒಂದು ಮಾತು ಉಂಟು. ಸಾಗುವಾನಿ ಎಂದ ಕೂಡಲೇ ಎಲ್ಲವೂ ಗಟ್ಟಿಯಲ್ಲ. ಒಳಗಿನ ಚೇಗು ಬಾಳುತ್ತದೆ, ಹೊರಗಿನ ಬಿಳಿ ಭಾಗವನ್ನು ಒರಲೆ ಬಿಡುವುದಿಲ್ಲ. ಎಳೆ ಮರದಲ್ಲಿ ಬಿಳಿ ಭಾಗವೇ ಜಾಸ್ತಿ. ಟೆಂಡರಿನಲ್ಲಿ ಬರೀ 'ಸಾಗುವಾನಿ' ಎಂದು ಬರೆದರೆ ಬರುವುದು ಎಂತದ್ದು ಎಂದು ನಮ್ಮ ಆಚಾರಿಗಳನ್ನು ಕೇಳಿದರೆ ಹೇಳಿಯಾರು.

ಔಷಧಿ ಹೊಡೆದ ಮರವೂ ಆಗಬಹುದು. ಆದರೆ ಬೋರಾಕ್ಸ್ ಜಾತಿಯ ಔಷಧಿ ಮಳೆಗೆ ತೊಳೆದು ಹೋಗುತ್ತದೆ. ತಾಮ್ರ-ಕ್ರೋಮ್-ಆರ್ಸೆನಿಕ್ ಮಿಶ್ರಣ ಬಾಳುತ್ತದೆ, ಆದರೆ ನೇತ್ರಾವತಿಗೆ ಸೇರುವ ತೋಡುಗಳ ಪಕ್ಕದಲ್ಲಿ ಆರ್ಸೆನಿಕ್ ಬೇಕಾ ಎಂದು ಯೋಚಿಸಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಉಂಟು. ಮರಮಟ್ಟಿನ ಬಾಳಿಕೆ ಅದರ ವಿಷಯವೇ, ಅಲ್ಲಿ ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಕಬ್ಬಿಣ ಯಾಕಾಗದು ಎಂದು ಕೇಳುವವರೂ ಇದ್ದಾರೆ. ಆಗಬಹುದು. ಆದರೆ ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ. ಒಂದು ಘನ ಮೀಟರ್ ಮರ ಸುಮಾರು ಒಂದು ಟನ್ ಇಂಗಾಲದ ಡೈ ಆಕ್ಸೈಡ್‌ನ ಇಂಗಾಲವನ್ನು ತನ್ನೊಳಗೆ ಹಿಡಿದಿಟ್ಟಿರುತ್ತದೆ. ಹಾಳಾದ ಒಂದು ತೊಲೆಯನ್ನು ಊರಿನ ಆಚಾರಿಯೇ ಬದಲಿಸಬಹುದು. ಕೆಲಸವೂ ಇಲ್ಲಿಯೇ, ಹಣವೂ ಇಲ್ಲಿಯೇ.

ಹತ್ತು ಜನಕ್ಕೆ ಕಟ್ಟಿದರೆ ಸಾಲದು

ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಅಟ್ಟಣೆ ಎಂದಿಟ್ಟುಕೊಳ್ಳಿ. ಹತ್ತು ಜನ ನಿಂತರೆ ಏಳುನೂರು ಕಿಲೋ ಆಗಬಹುದು. ಆದರೆ ಜನ ಸೇರುವ ಜಾಗಕ್ಕೆ ಭಾರತೀಯ ಮಾನಕ ಐಎಸ್ 875 ಹೇಳುವುದು ಚದರ ಮೀಟರಿಗೆ ಸುಮಾರು 500 ಕಿಲೋ. ಅಂದರೆ ಆ 16 ಚದರ ಮೀಟರ್ ಎಂಟು ಟನ್ ಹೊರಬೇಕು. 'ಹತ್ತು ಜನಕ್ಕೆ ಮಾತ್ರ' ಎಂಬ ಬೋರ್ಡ್ ನೋಡಿ ಹನ್ನೊಂದನೆಯವನು ಕೆಳಗೆ ನಿಲ್ಲುವುದಿಲ್ಲ, ಅಲ್ವಾ? ಸೆಲ್ಫಿಗೆ ಎಲ್ಲರೂ ಒಂದೇ ಮೂಲೆಗೆ ಹೋಗುವುದೂ ಉಂಟು.

ಗಾಳಿಯ ಲೆಕ್ಕವೂ ಬೇಕು. ಅದೇ ಮಾನಕದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಏಪ್ರಿಲ್, ಮೇ, ಅಕ್ಟೋಬರ್‌ನ ಸಿಡಿಲು ನಮಗೆ ಹೇಳಿಕೊಡಬೇಕಾಗಿಲ್ಲ. ಸಿಡಿಲು ನಿರೋಧಕ ಇರಬೇಕು, ಗುಡುಗು ಕೇಳಿದರೆ ಗೇಟು ಮುಚ್ಚುವ ಕಾವಲುಗಾರನೂ ಇರಬೇಕು.

ನಿಗಾ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಗುಜರಾತಿನ ಮೋರ್ಬಿ ಸಾಕ್ಷಿ. ದುರಸ್ತಿ ಮುಗಿದು ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ತೂಗುಸೇತುವೆ ಹರಿದು 135 ಜನ ಸತ್ತರು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಪಕ್ಕದ ಮಲ್ಪೆಯ ತೇಲುವ ಸೇತುವೆ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಅಲೆಯ ಹೊಡೆತಕ್ಕೆ ಬಿಡಿಯಾಯಿತು. ರಿಬ್ಬನ್ ಕತ್ತರಿಸುವ ದಿನ ಎಲ್ಲರೂ ಇರುತ್ತಾರೆ. ಮರುವರ್ಷ ಬೋಲ್ಟ್ ಬಿಗಿ ಮಾಡುವ ದಿನ ಯಾರಿರುತ್ತಾರೆ?

ದುಡ್ಡಿನ ಲೆಕ್ಕ

ಅಸಲು ವಿಷಯ ಇಲ್ಲಿಯೇ. ನಮ್ಮಲ್ಲಿ ಕಟ್ಟುವುದಕ್ಕೆ ಅನುದಾನ ಬರುತ್ತದೆ, ನೋಡಿಕೊಳ್ಳುವುದಕ್ಕೆ ಬರುವುದಿಲ್ಲ. ಮರದ ಗೋಪುರಕ್ಕೆ ಪ್ರತಿವರ್ಷ ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ತಪಾಸಣೆ ಬೇಕು. ಎಣ್ಣೆ ಹಚ್ಚಬೇಕು, ಪಾಚಿ ತೆಗೆಯಬೇಕು, ಕಂಬದ ಬುಡ ಬಡಿದು ನೋಡಬೇಕು, ಮೆಟ್ಟಿಲಿನ ಹಲಗೆ ಬದಲಿಸಬೇಕು.

ಒಂದು ಅಂದಾಜು ಲೆಕ್ಕ ಹಾಕೋಣ. ಟಿಕೆಟ್ 50 ರೂಪಾಯಿ, ದಿನಕ್ಕೆ 60 ಜನ, ಮಳೆಗಾಲ ಬಿಟ್ಟು 200 ದಿನ. ವರ್ಷಕ್ಕೆ ಆರು ಲಕ್ಷ. ಅದರಲ್ಲಿ ಮೂರರಲ್ಲಿ ಒಂದು ಪಾಲು, ಅಂದರೆ ಎರಡು ಲಕ್ಷ, ನಿರ್ವಹಣೆಗೆಂದೇ ಬೇರೆ ಖಾತೆಯಲ್ಲಿ ಉಳಿಯಬೇಕು. ಕಾವಲುಗಾರನ ಸಂಬಳ ಉಳಿದದ್ದರಿಂದ. ಸ್ಥಳೀಯ ಪರಿಸರ ಅಭಿವೃದ್ಧಿ ಸಮಿತಿಗೆ ಇದರ ಜವಾಬ್ದಾರಿ ಕೊಟ್ಟು, ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿದರೆ ಜನರಿಗೂ ನಂಬಿಕೆ ಬರುತ್ತದೆ.

ಅಂಗಡಿಯವರಿಗೂ ಇದರಲ್ಲಿ ಪಾಲುಂಟು. ಬಂಟ್ವಾಳದಿಂದ ಪುಂಜಾಲಕಟ್ಟೆ, ಗುರುವಾಯನಕೆರೆ ದಾಟಿ ಬರುವ ಕಾರು ಈಗ ನೇರ ಧರ್ಮಸ್ಥಳಕ್ಕೆ ಹೋಗುತ್ತದೆ. ಮೂಡುಬಿದಿರೆಯ ಬಸದಿ ನೋಡಿದವರು ಕಾರ್ಕಳಕ್ಕೆ ಹೋಗುತ್ತಾರೆ. ಮನೆಮಂದಿಯೆಲ್ಲ ಹತ್ತಬಹುದಾದ ಒಂದು ಜಾಗ ಇದ್ದರೆ ಎರಡು ಗಂಟೆ ಇಲ್ಲಿ ನಿಂತಾರು, ಚಹಾ ಕುಡಿದಾರು, ಊಟ ಮಾಡಿಯಾರು. ಆದರೆ ಗೋಪುರ ಎರಡನೇ ವರ್ಷ 'ದುರಸ್ತಿಯಲ್ಲಿದೆ' ಎಂದು ಬೀಗ ಹಾಕಿಸಿಕೊಂಡರೆ, ಅದನ್ನು ನಂಬಿ ಸಾಲ ಮಾಡಿ ಅಂಗಡಿ ಇಟ್ಟವನ ಗತಿ?

ಕಾಡಿನ ಒಳಗೆ ಬೇಡ, ಅಂಚಿನಲ್ಲಿರಲಿ

ಗಡಾಯಿಕಲ್ಲು ಕುದುರೆಮುಖ ವನ್ಯಜೀವಿ ವಿಭಾಗದ ಸುಪರ್ದಿಯಲ್ಲಿದೆ. ಅರಣ್ಯದೊಳಗೆ ಕಟ್ಟುವುದಾದರೆ ಇಲಾಖೆಯ ನಿರ್ವಹಣಾ ಯೋಜನೆಯಲ್ಲಿ ಅದು ಇರಬೇಕು. ಗಡಿಯ ಹೊರಗೆ, ಈಗಾಗಲೇ ರಸ್ತೆ, ಪಾರ್ಕಿಂಗ್ ಇರುವ ಕಡೆ ಕಟ್ಟಿದರೆ ಹೊಸದಾಗಿ ಮರ ಕಡಿಯುವ, ದಾರಿ ಮಾಡುವ ಪ್ರಮೇಯವೇ ಬರುವುದಿಲ್ಲ. ಚಾರ್ಮಾಡಿ, ನೆರಿಯ ಕಡೆ ಆನೆ ಓಡಾಡುವ ಜಾಗವಂತೂ ಬೇಡವೇ ಬೇಡ. 2019ರ ಆಗಸ್ಟ್‌ನಲ್ಲಿ ದಿಡುಪೆ, ಮಿತ್ತಬಾಗಿಲು, ಚಾರ್ಮಾಡಿಯಲ್ಲಿ ಗುಡ್ಡ ಜಾರಿದ್ದನ್ನು ಕಂಡವರು ಇಳಿಜಾರಿನಲ್ಲಿ ಅಡಿಪಾಯ ತೆಗೆಯುವ ಮೊದಲು ಮಣ್ಣು ಪರೀಕ್ಷೆ ಕೇಳಲೇಬೇಕು.

ಸಂಜೆ ಆರರ ನಂತರ ದೀಪ ಇಲ್ಲ, ಮೈಕ್ ಇಲ್ಲ, ಪ್ಲಾಸ್ಟಿಕ್ ಇಲ್ಲ ಎಂಬ ನಿಯಮವೂ ಮೊದಲ ದಿನದಿಂದಲೇ ಇರಲಿ. ಗೋಪುರ ಇರುವುದು ಕಾಡು ನೋಡಲಿಕ್ಕೆ, ಕಾಡಿಗೆ ನಮ್ಮನ್ನು ಕೇಳಿಸಲಿಕ್ಕಲ್ಲ.

ಯಾರಾದರೂ ಇಂಥ ಪ್ರಸ್ತಾಪ ತಂದರೆ ಗ್ರಾಮಸಭೆಯಲ್ಲಿ ಮೂರೇ ಪ್ರಶ್ನೆ ಕೇಳಿ. ಕಂಬದ ಬುಡ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮಾಡು ಎಷ್ಟು ಹೊರಗೆ ಚಾಚಿದೆ? ಎಷ್ಟು ಟನ್ ಭಾರಕ್ಕೆ ಲೆಕ್ಕ ಹಾಕಿದ್ದೀರಿ, ಸಹಿ ಹಾಕಿದ ಇಂಜಿನಿಯರ್ ಯಾರು? ಹತ್ತು ವರ್ಷದ ನಿರ್ವಹಣೆಯ ದುಡ್ಡು ಎಲ್ಲಿಂದ, ಯಾರ ಕೈಯಲ್ಲಿ? ಮೂರಕ್ಕೂ ಕಾಗದದಲ್ಲಿ ಉತ್ತರ ಸಿಕ್ಕಿದರೆ ಕಟ್ಟಲಿ. ಮೂರನೆಯದಕ್ಕೆ ಸಿಗದಿದ್ದರೆ, ಮೊದಲೆರಡಕ್ಕೆ ಎಷ್ಟೇ ಚಂದದ ಉತ್ತರ ಕೊಟ್ಟರೂ ಸದ್ಯಕ್ಕೆ ಬೇಡ ಎನ್ನುವುದೇ ವಾಸಿ.