ಹುಲಿಯ ಬಲ, ಕುರಿಯ ನಡೆ

ಮೊಬೈಲಿನ ಆಟವೆಂದೊಡನೆ ಹಿರಿಯರು ಮೂಗು ಮುರಿಯುತ್ತಾರೆ. ಆಡುವ ಹುಡುಗರೋ ತಲೆಯನ್ನೇ ಎತ್ತುವುದಿಲ್ಲ. ಆಟವನ್ನು ನ್ಯಾಯವಾಗಿ ಕಟ್ಟಿದ್ದಾರೆಯೇ ಎಂದು ಕೇಳುವವರು ಮಾತ್ರ ಈ ಎರಡು ಪಕ್ಷಗಳಲ್ಲಿಯೂ ಇಲ್ಲ. ಆ ಪ್ರಶ್ನೆಯನ್ನು ಗುರುಹಿರಿಯರ ಹಾಗೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸೂಳೆಕೆರೆಯ ಸೀಮೆಯಲ್ಲಿ ಹುಟ್ಟಿದ ನನಗೆ ಈ ವಿಷಯದ ಮೊದಲ ಪಾಠವಾದದ್ದು ಹುಲಿ-ಕುರಿ ಆಟದಿಂದ. ಬಂಡೆಯ ಮೇಲೆ ಇದ್ದಿಲಿನ ಗೆರೆ, ಹುಲಿಗಳಿಗೆ 3 ಕಲ್ಲು, ಕುರಿಗಳಿಗೆ 15 ಹುಣಿಸೆಬೀಜ. ಗೆರೆಗಳು ಕೂಡುವ ಮನೆಗಳು 23. ಊರಿಂದೂರಿಗೆ ಲೆಕ್ಕ ಬದಲಾಗುವುದುಂಟು. ಪಕ್ಕದ ಕುರಿಯನ್ನು ಹಾರಿ ನೇರಕ್ಕೆ ಆಚೆಯ ಖಾಲಿ ಮನೆಯಲ್ಲಿ ಇಳಿದರೆ ಹುಲಿಗೆ ಆ ಕುರಿ ಸಿಕ್ಕಿತು. ಕುರಿಗಾದರೋ ಕೊಲ್ಲುವ ಶಕ್ತಿ ಇಲ್ಲವೇ ಇಲ್ಲ. ಎಲ್ಲ ಕುರಿಗಳನ್ನು ಇಟ್ಟು ಮುಗಿಯುವ ತನಕ ಇಟ್ಟದ್ದು ಕದಲುವಂತೆಯೂ ಇಲ್ಲ. ಆದರೂ ಒಂದರ ಹಿಂದೆ ಒಂದು ಒತ್ತಾಗಿ ನಿಂತರೆ ಹುಲಿ ಹಾರಲು ಮನೆಯಿಲ್ಲದೆ ಕಟ್ಟಿಬೀಳುತ್ತದೆ. ಸೋತವನು ತಾನು ಯಾವ ಮನೆಯಲ್ಲಿ ಕೆಟ್ಟೆನೆಂದು ಬೆರಳಿಟ್ಟು ತೋರಿಸಬಲ್ಲ. ಇದೇ ನ್ಯಾಯವಾದ ಆಟದ ಲಕ್ಷಣವೆಂದು ನನ್ನ ಅಭಿಪ್ರಾಯ.

ನೇಪಾಳದಲ್ಲಿ ಇದೇ ಜಾತಿಯ ಬಾಘ್-ಚಾಲ್ ಎಂಬ ಆಟವಿದೆ: 4 ಹುಲಿ, 20 ಆಡು, 25 ಮನೆ. ಎರಡೂ ಕಡೆಯವರು ತಪ್ಪದೆ ಆಡಿದರೆ ಅದರಲ್ಲಿ ಯಾರೂ ಗೆಲ್ಲುವುದಿಲ್ಲವೆಂದು ಲಿಮ್ ಯೂ ಜಿನ್ ಮತ್ತು ನೀವರ್ಗೆಲ್ಟ್ ಎಂಬ ವಿದ್ವಾಂಸರು ಕಂಪ್ಯೂಟರಿನಿಂದ ಲೆಕ್ಕಹಾಕಿ ತೋರಿಸಿದರು. ಅವರ ಪ್ರಬಂಧ 2009ರಲ್ಲಿ ಪುಸ್ತಕವೊಂದರಲ್ಲಿ ಅಚ್ಚಾಯಿತು. ಆ ಮಣೆಯನ್ನು ಗೀಚಿದ ಹಳ್ಳಿಗರ ಬಳಿ ಯಾವ ಕಂಪ್ಯೂಟರಿತ್ತೋ!

ನೆಲಮಾಳಿಗೆಯೊಳಗೆ ರಾಕ್ಷಸರೊಡನೆ ಕಾದಾಡುವ ಕಂಪ್ಯೂಟರ್ ಆಟಗಳಿಗೆ ಮೂಲಪುರುಷನೆನ್ನಬಹುದಾದ ‘ರೋಗ್’ 1980ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಮೈಕೆಲ್ ಟಾಯ್, ಗ್ಲೆನ್ ವಿಕ್‌ಮನ್ ಎಂಬ ವಿದ್ಯಾರ್ಥಿಗಳಿಂದ ಹುಟ್ಟಿತು. ಚಿತ್ರಗಳಿಲ್ಲ, ಇಂಗ್ಲಿಷಿನ 26 ಅಕ್ಷರಗಳೇ 26 ಬಗೆಯ ರಾಕ್ಷಸರು. ನಾವು ಒಂದು ಹೆಜ್ಜೆಯಿಟ್ಟರೆ ಅವರದೊಂದು ಹೆಜ್ಜೆ. ಬಯಲು ಕೋಣೆಯಲ್ಲಿ ನಿಂತವನನ್ನು ನಾಲ್ಕಾರು ಮಂದಿ ಮುತ್ತಿ ಮುಗಿಸುತ್ತಾರೆ; ಓಣಿಗೆ ಸರಿದು ನಿಂತವನೆದುರು ಒಬ್ಬೊಬ್ಬನೇ ಬರಬೇಕು. ಹರಿದ್ರಾ ಹಳ್ಳಕ್ಕೆ ಬಯಲಿನಲ್ಲಿ ಅಡ್ಡ ಹಾಕದೆ ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಏರಿ ಕಟ್ಟಿದ ನಮ್ಮ ಪೂರ್ವಿಕರಿಗೆ ಈ ಯುಕ್ತಿಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಡೆಯೊಂದರಿಂದಲೇ ಎಲ್ಲ ರಾಕ್ಷಸರೂ ಸಾಯುವುದಾದರೆ ಭಯವೆಲ್ಲಿ ಉಳಿಯಿತೆಂದು ಕೇಳಬಹುದು. ಮಾತು ನಿಜ. ಹೊಡೆದು ಹಿಂದೆ ಸರಿ, ಮತ್ತೆ ಹೊಡೆ ಎಂಬ ಒಂದೇ ಉಪಾಯಕ್ಕೆ ಬಗ್ಗುವ ರಾಕ್ಷಸನು ರಾಕ್ಷಸನಲ್ಲ, ಬೆದರುಗೊಂಬೆ. ಆದರೆ ಅದಕ್ಕೆ ಮದ್ದು ಅವನ ಆಯುಷ್ಯವನ್ನು ಹತ್ತುಪಟ್ಟು ಮಾಡುವುದಲ್ಲ. ಅವನ ನಡಿಗೆಯನ್ನೇ ಬೇರೆ ಮಾಡುವುದು. ರೋಗ್ ಆಟದ ಬಾವಲಿ ದುರ್ಬಲವಾದರೂ ಅಡ್ಡಾದಿಡ್ಡಿ ಹಾರುವುದರಿಂದ ಕಾಡುತ್ತದೆ. ಸುತ್ತಾಡುತ್ತ ಕಾಲ ಕಳೆಯೋಣವೆಂದರೆ ಆಟಗಾರನಿಗೆ ಹಸಿವೆಯ ಕಾಟವಿದೆ.

ಇಂದಿನ ಎಷ್ಟೋ ಮೊಬೈಲ್ ಆಟಗಳಲ್ಲಿ ನಡೆದಿರುವುದು ಇದಕ್ಕೆ ವಿರುದ್ಧ. ರಾಕ್ಷಸನ ಆಯುಷ್ಯವನ್ನು ಬೇಕೆಂದೇ ಬೆಳೆಸಿ, ಎಷ್ಟು ಚುರುಕಾಗಿ ಆಡಿದರೂ ಮುಂದೆ ದಾರಿಯಿಲ್ಲದಂತೆ ಮಾಡಿ, ಅಲ್ಲಿಯೇ ಕತ್ತಿಯ ಅಂಗಡಿ ತೆರೆಯುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಅವ್ವ ಅಡಕೆ ಸುಲಿಯುವ ಕೂಲಿಗೆ ಹೋಗುತ್ತಾಳೆ. ಹಾಸ್ಟೆಲಿನ ಗೆಳೆಯನೊಬ್ಬ ವಿದ್ಯಾರ್ಥಿವೇತನದ ದುಡ್ಡಿನಲ್ಲಿ ಇಂಥದೊಂದು ಕತ್ತಿ ಕೊಂಡು, ಆ ತಿಂಗಳು ಪುಸ್ತಕ ಕೊಳ್ಳದೆ ಹೋದ. ಅವನನ್ನು ಬೈಯುವುದು ಸುಲಭ. ಆದರೆ ಹುಲಿ-ಕುರಿಯಲ್ಲಿ ಗೌಡರ ಮಗನೂ ಹಣ ಕೊಟ್ಟು ಹದಿನಾರನೆಯ ಕುರಿಯನ್ನು ತರುವಂತಿರಲಿಲ್ಲವಲ್ಲ! ಬಡವನು ಸರಿಸಮನಾಗಿ ಕೂರುವ ಜಾಗಗಳು ಮೊದಲೇ ಕಡಿಮೆ. ಅವುಗಳಲ್ಲೊಂದನ್ನು ಹೀಗೆ ಮಾರಾಟಕ್ಕಿಡುವುದನ್ನು ನಾನು ಒಪ್ಪಲಾರೆ.

ಬರುವ ವರ್ಷ ನಮ್ಮ ವಿದ್ಯಾರ್ಥಿ ಸಂಘದವರು ಒಳಾಂಗಣ ಸ್ಪರ್ಧೆಗಳಲ್ಲಿ ಕೇರಂ, ಚದುರಂಗಗಳ ಜೊತೆಗೆ ಹುಲಿ-ಕುರಿಯನ್ನೂ ಸೇರಿಸಬೇಕೆಂದು ವಿನಂತಿ. ಒಂದೇ ಷರತ್ತು: ಪ್ರತಿಯೊಬ್ಬರೂ ಒಮ್ಮೆ ಹುಲಿಯಾಗಿ, ಒಮ್ಮೆ ಕುರಿಯಾಗಿ ಆಡಬೇಕು, ಎರಡೂ ಸೇರಿಯೇ ಅಂಕ.